ಲೋಗೋ ಬಂತು, ವಿಂಡೋಸ್ ಬರಲಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಕಂಪ್ಯೂಟರ್ ಏಳುತ್ತಿಲ್ಲ ಎಂಬ ದೂರೇ ಈ ಸಲದ ಪತ್ರಗಳಲ್ಲಿ ಹೆಚ್ಚು. ಒಂದೇ ಬಗೆಯವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ. ಬಹಳ ಮಂದಿ "ಆನ್ ಆಗುತ್ತಿಲ್ಲ" ಎಂದಷ್ಟೇ ಬರೆದು ಮುಗಿಸಿದ್ದಾರೆ. ಆನ್ ಆಗಿ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎನ್ನುವುದನ್ನು ದಯವಿಟ್ಟು ಬರೆಯಿರಿ. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಒಂದು ಆಂಟಿವೈರಸ್ ಇತ್ತು. ಅದನ್ನು ತೆಗೆಯದೆ ಇನ್ನೊಂದು ಹಾಕಿದೆ. ರೀಸ್ಟಾರ್ಟ್ ಕೇಳಿತು, ಕೊಟ್ಟೆ. ಈಗ ಕಂಪನಿಯ ಲೋಗೋ ಬರುತ್ತದೆ, ಕೆಳಗೆ ಚುಕ್ಕೆಗಳು ಸುತ್ತುತ್ತವೆ, ಎರಡು ನಿಮಿಷಕ್ಕೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಮತ್ತೆ ಅದೇ ಕಥೆ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ ರಿಪೇರಿಯವರು. ನಿಜವೇ?

ಉತ್ತರ: ಇಲ್ಲ. ನೀವು ಹೇಳಿದ ಲಕ್ಷಣಕ್ಕೆ ಫಾರ್ಮ್ಯಾಟ್ ಮೊದಲ ಮದ್ದಲ್ಲ, ಕೊನೆಯದು. ಲೋಗೋ ಬಂತೆಂದರೆ ಮದರ್‌ಬೋರ್ಡ್, ರ‍್ಯಾಮ್, ಪ್ರೊಸೆಸರ್ ತಮ್ಮ ತಪಾಸಣೆ ಮುಗಿಸಿವೆ. ಚುಕ್ಕೆ ಸುತ್ತಲು ಶುರುವಾಯಿತೆಂದರೆ ಡಿಸ್ಕ್ ಸಿಕ್ಕಿದೆ, ಅದರಲ್ಲಿ ವಿಂಡೋಸ್‌ನ ಬೂಟ್ ಮ್ಯಾನೇಜರ್ ಸಿಕ್ಕಿದೆ, ವಿಂಡೋಸ್‌ನ ತಿರುಳಾದ ಕರ್ನೆಲ್ ಲೋಡ್ ಆಗುತ್ತಿದೆ. ಎಡವಿರುವುದು ಅದರ ಮುಂದಿನ ಮೆಟ್ಟಿಲಲ್ಲಿ, ಡ್ರೈವರ್‌ಗಳು (ಯಂತ್ರದ ಭಾಗಗಳನ್ನೂ ಕೆಲವು ಸಾಫ್ಟ್‌ವೇರನ್ನೂ ವಿಂಡೋಸಿಗೆ ಜೋಡಿಸುವ ಸಣ್ಣ ಪ್ರೋಗ್ರಾಂಗಳು) ಒಂದೊಂದಾಗಿ ಏಳುವ ಕಡೆ.

ಟೈಪಿಂಗ್ ಸಾಫ್ಟ್‌ವೇರ್ ಅಥವಾ ವಿಡಿಯೊ ಪ್ಲೇಯರ್ ಹಾಕಿದ್ದಕ್ಕೆ ವಿಂಡೋಸ್ ಏಳದೇ ಹೋಗುವುದು ತೀರ ಅಪರೂಪ. ಅವು ನೀವು ತೆರೆದಾಗ ಮಾತ್ರ ಓಡುವಂಥವು. ಆಂಟಿವೈರಸ್, ಡಿಸ್ಕ್ ಎನ್‌ಕ್ರಿಪ್ಷನ್, ವಿಪಿಎನ್, ಆಟಗಳ ಜೊತೆ ಬರುವ ಆಂಟಿ-ಚೀಟ್, ಬ್ಯಾಕಪ್ ಮತ್ತು ಪಾರ್ಟಿಷನ್ ಸಾಫ್ಟ್‌ವೇರ್, ಗ್ರಾಫಿಕ್ಸ್ ಡ್ರೈವರ್ ಇವುಗಳ ಜಾತಿ ಬೇರೆ. ಇವು ಕರ್ನೆಲ್‌ನೊಳಗೆ ತಮ್ಮದೊಂದು ಡ್ರೈವರ್ ಕೂರಿಸುತ್ತವೆ. ಆಂಟಿವೈರಸ್‌ನ ಡ್ರೈವರ್ ಅಂತೂ ಪ್ರತಿ ಫೈಲ್ ತೆರೆಯುವ ಮೊದಲು ಅಡ್ಡ ನಿಂತು ನೋಡುತ್ತದೆ. ಎರಡು ಆಂಟಿವೈರಸ್ ಇಡುವುದು ಒಂದೇ ಒರೆಗೆ ಎರಡು ಕತ್ತಿ ತುರುಕಿದ ಹಾಗೆ. ಇದು ತೆರೆಯುವ ಫೈಲನ್ನು ಅದು ತಡೆಯುತ್ತದೆ, ಅದು ತೆರೆಯುವುದನ್ನು ಇದು ತಡೆಯುತ್ತದೆ. ಕೊನೆಗೆ ವಿಂಡೋಸ್ ಬಿದ್ದುಹೋಗುತ್ತದೆ.

ಮೊದಲು ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲ ಬಿಚ್ಚಿ. ಚಾರ್ಜರ್ ಹಾಕಿಡಿ. ಈಗ ರಿಕವರಿ ಸ್ಕ್ರೀನಿಗೆ ಹೋಗಬೇಕು. ಹಿಂದೆ ಎಫ್8 ಒತ್ತಿದರೆ ಸಾಕಿತ್ತು. ವಿಂಡೋಸ್ 8ರಿಂದ ಈಚೆಗೆ ಅದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಬದಲಿಗೆ ಹೀಗೆ ಮಾಡಿ: ಆನ್ ಮಾಡಿ, ಚುಕ್ಕೆ ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಇನ್ನೊಮ್ಮೆ ಹಾಗೆಯೇ. ಮೂರನೇ ಸಲ ಆನ್ ಮಾಡಿ ಸುಮ್ಮನಿರಿ. "ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್" ಎಂದು ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಆಮೇಲೆ ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್. ಒಂದು ಎಚ್ಚರಿಕೆ: ಸ್ಕ್ರೀನಿನ ಮೇಲೆ ಅಪ್‌ಡೇಟ್ ಇಷ್ಟು ಶೇಕಡಾ ಆಯಿತು ಎಂದು ಓಡುತ್ತಿದ್ದರೆ ಬಟನ್ ಒತ್ತಿ ಆರಿಸಬೇಡಿ.

ಇಲ್ಲಿ ಮೊದಲ ಪ್ರಯತ್ನ ಸಿಸ್ಟಮ್ ರಿಸ್ಟೋರ್. ಆಂಟಿವೈರಸ್ ಹಾಕುವುದಕ್ಕೆ ಮುಂಚಿನ ತಾರೀಖಿನ ರಿಸ್ಟೋರ್ ಪಾಯಿಂಟ್ (ಆ ದಿನದ ಸ್ಥಿತಿಯ ನಕಲು) ಇದ್ದರೆ ಆಯ್ದುಕೊಳ್ಳಿ. ಆ ತಾರೀಖಿನ ನಂತರ ಹಾಕಿದ ಸಾಫ್ಟ್‌ವೇರ್, ಡ್ರೈವರ್ ಹೋಗುತ್ತವೆ. ನಿಮ್ಮ ಫೋಟೊ, ದಾಖಲೆಗಳನ್ನು ಅದು ಮುಟ್ಟುವುದಿಲ್ಲ. ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯಬಹುದು. ನಡುವೆ ಯಂತ್ರ ಆರಿಸಿದರೆ ಇದ್ದ ತೊಂದರೆಯ ಮೇಲೆ ಇನ್ನೊಂದು.

ರಿಸ್ಟೋರ್ ಪಾಯಿಂಟೇ ಇಲ್ಲ ಎಂದು ಬಂದರೆ ಗಾಬರಿ ಬೇಡ. ಬಹಳ ಯಂತ್ರಗಳಲ್ಲಿ ಈ ಸೌಲಭ್ಯ ಆಫ್ ಆಗಿಯೇ ಇರುತ್ತದೆ. ಆಗ ಸ್ಟಾರ್ಟ್‌ಅಪ್ ಸೆಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಒತ್ತಿ. 1ರಿಂದ 9ರವರೆಗಿನ ಪಟ್ಟಿ ಬರುತ್ತದೆ. 4 ಒತ್ತಿದರೆ ಸೇಫ್ ಮೋಡ್. ತೀರ ಅಗತ್ಯದ ಡ್ರೈವರ್‌ಗಳಷ್ಟೇ ಅಲ್ಲಿ ಏಳುತ್ತವೆ. ಲಾಗಿನ್‌ಗೆ ಪಿನ್ ಒಪ್ಪದಿದ್ದರೆ ಪಾಸ್‌ವರ್ಡ್ ಬೇಕಾಗುತ್ತದೆ. ಸೇಫ್ ಮೋಡ್‌ನಲ್ಲಿ ಸಲೀಸಾಗಿ ಎದ್ದಿತೆಂದರೆ ತಪ್ಪು ಹೊಸ ಡ್ರೈವರ್‌ನದೇ ಎಂದು ಬಹುಮಟ್ಟಿಗೆ ತಿಳಿದ ಹಾಗೆ.

ಇಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಅನ್‌ಇನ್‌ಸ್ಟಾಲ್ ಒತ್ತಿದರೆ "ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸಿಗುತ್ತಿಲ್ಲ" ಎಂಬ ಅರ್ಥದ ಸಂದೇಶ ಬರುತ್ತದೆ. ಸೇಫ್ ಮೋಡ್‌ನಲ್ಲಿ ಆ ಸರ್ವಿಸ್ ಓಡುವುದಿಲ್ಲ, ಅಷ್ಟೇ, ಏನೂ ಕೆಟ್ಟಿಲ್ಲ. ಆಂಟಿವೈರಸ್ ಕಂಪನಿಗಳು ತಮ್ಮ ಸಾಫ್ಟ್‌ವೇರನ್ನು ಬುಡಸಮೇತ ತೆಗೆಯಲು ರಿಮೂವಲ್ ಟೂಲ್ ಎಂದು ಬೇರೆಯೇ ಕೊಡುತ್ತವೆ. ಬೇರೊಂದು ಕಂಪ್ಯೂಟರ್‌ನಲ್ಲಿ ಅದನ್ನು ಆಯಾ ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ತಂದು ಸೇಫ್ ಮೋಡ್‌ನಲ್ಲೇ ಓಡಿಸಿ. ಹೊಸದನ್ನೂ ತೆಗೆಯಿರಿ, ಹಳೆಯದನ್ನೂ ತೆಗೆಯಿರಿ. ಮಾಮೂಲಿಯಾಗಿ ಒಮ್ಮೆ ಎದ್ದ ಮೇಲೆ ಯಾವುದಾದರೂ ಒಂದನ್ನು ಮಾತ್ರ ಹಾಕಿಕೊಳ್ಳಿ. ಅಲ್ಲಿಯವರೆಗೆ ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ.

ಸೇಫ್ ಮೋಡೂ ಏಳದಿದ್ದರೆ ಅದೇ ಪಟ್ಟಿಯ 8ನ್ನು ಒತ್ತಿ ನೋಡಿ. ಎಲ್ಲಕ್ಕಿಂತ ಮೊದಲೇ ಏಳುವ ಆಂಟಿವೈರಸ್ ಡ್ರೈವರನ್ನು ಆ ಒಂದು ಸಲಕ್ಕೆ ಬದಿಗಿರಿಸುತ್ತದೆ.

ಪ್ರಶ್ನೆ: ನೀಲಿ ಸ್ಕ್ರೀನ್ ಬಂದು ಓದುವಷ್ಟರಲ್ಲಿ ಮಾಯವಾಗುತ್ತದೆ. ಏನು ಬರೆದಿದೆ ಎಂದು ತಿಳಿಯುವುದು ಹೇಗೆ? ತಿಳಿದರೆ ಏನು ಪ್ರಯೋಜನ?

ಉತ್ತರ: ಮೇಲೆ ಹೇಳಿದ 9ರ ಪಟ್ಟಿಯಲ್ಲಿ 9ನ್ನೇ ಒತ್ತಿ. ಬಿದ್ದ ಕೂಡಲೇ ರೀಸ್ಟಾರ್ಟ್ ಆಗುವುದನ್ನು ಅದು ತಡೆಯುತ್ತದೆ, ಸ್ಕ್ರೀನ್ ಹಾಗೇ ನಿಲ್ಲುತ್ತದೆ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಯಲ್ಲಿ ಈ ಸ್ಕ್ರೀನ್ ನೀಲಿಯ ಬದಲು ಕಪ್ಪು. ಬಣ್ಣ ನೋಡಿ ಬೇರೆ ಕಾಯಿಲೆ ಅಂದುಕೊಳ್ಳಬೇಡಿ.

ಎರಡು ವಿಷಯ ನೋಡಿ. ಒಂದು, ಬಿದ್ದದ್ದೇಕೆ ಎಂದು ಸೂಚಿಸುವ ಸ್ಟಾಪ್ ಕೋಡ್. ಇನ್ನೊಂದು, "ವಾಟ್ ಫೇಲ್ಡ್" ಎಂಬುದರ ಮುಂದೆ ಡಾಟ್ ಎಸ್‌ವೈಎಸ್ ಎಂದು ಮುಗಿಯುವ ಫೈಲ್ ಹೆಸರು. ಆ ಹೆಸರು ಎಲ್ಲ ಸಲ ಬರುವುದಿಲ್ಲ, ಬಂದರೆ ಅದೃಷ್ಟ. ಕಳ್ಳ ಬಾಗಿಲಲ್ಲಿ ತನ್ನ ಹೆಸರು ಬರೆದಿಟ್ಟು ಹೋದ ಹಾಗೆ. ಆ ಹೆಸರನ್ನು ಬೇರೆ ಯಂತ್ರದಲ್ಲಿ ಹುಡುಕಿದರೆ ಯಾವ ಸಾಫ್ಟ್‌ವೇರಿಗೆ ಸೇರಿದ್ದೆಂದು ಗೊತ್ತಾಗುತ್ತದೆ.

2024ರ ಜುಲೈ 19ರಂದು ಜಗತ್ತಿನ ಉದ್ದಗಲಕ್ಕೂ ಕಂಪ್ಯೂಟರ್‌ಗಳು ಒಟ್ಟಿಗೆ ಮಲಗಿದ್ದು ನಿಮಗೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದು ಸಣ್ಣ ಅಪ್‌ಡೇಟ್ ಫೈಲ್‌ನಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಪರಿಹಾರ ಮಾತ್ರ ಇಷ್ಟೇ: ಸೇಫ್ ಮೋಡ್ ಅಥವಾ ರಿಕವರಿ ಸ್ಕ್ರೀನಿಗೆ ಹೋಗಿ, ಸಿಸ್ಟಮ್32ರೊಳಗಿನ ಡ್ರೈವರ್ಸ್ ಫೋಲ್ಡರಿನಲ್ಲಿದ್ದ ಆ ಕಂಪನಿಯ ಫೋಲ್ಡರ್ ತೆರೆದು, 291 ಎಂಬ ಸಂಖ್ಯೆಯ ಆ ಫೈಲನ್ನು ಅಳಿಸುವುದು. ಮಾಡಲು ಕೆಲವೇ ನಿಮಿಷ. ಆದರೆ ಯಂತ್ರ ನೆಟ್‌ವರ್ಕಿಗೇ ಬರದಿದ್ದುದರಿಂದ ಎಷ್ಟೋ ಕಡೆ ಪ್ರತಿಯೊಂದರ ಮುಂದೆ ಒಬ್ಬರು ಕೂತು ಕೈಯಾರೆ ಮಾಡಬೇಕಾಯಿತು.

ನಿಮ್ಮಲ್ಲೂ ಇದೇ ಉಪಾಯ ನಡೆಯುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ "ಆಲ್ ಫೈಲ್ಸ್" ಆರಿಸಿ. ಇಡೀ ಡಿಸ್ಕ್ ಕಣ್ಣ ಮುಂದೆ. ಇಲ್ಲಿ ನಿಮ್ಮ ಸಿ ಡ್ರೈವ್ ಡಿ ಅಥವಾ ಇ ಎಂದು ತೋರಬಹುದು. ಒಳಗೆ ವಿಂಡೋಸ್ ಮತ್ತು ಯೂಸರ್ಸ್ ಫೋಲ್ಡರ್ ಎರಡೂ ಇರುವುದೇ ಅದು. ವಿಂಡೋಸ್, ಸಿಸ್ಟಮ್32, ಡ್ರೈವರ್ಸ್ ಎಂದು ಒಂದರೊಳಗೊಂದು ಹೋಗಿ, ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಹೆಸರಿನ ಮೊದಲಿಗೆ ಒಂದು ಅಕ್ಷರ ಸೇರಿಸಿ. ಅಳಿಸಬೇಡಿ; ಹೆಸರು ಬದಲಿಸಿದರೆ ಬೇಕೆಂದಾಗ ಹಿಂದಕ್ಕೆ ತರಬಹುದು. ಮೈಕ್ರೋಸಾಫ್ಟ್‌ನದೇ ಡ್ರೈವರ್‌ಗಳಿಗೆ ಕೈ ಹಾಕಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಸಾಫ್ಟ್‌ವೇರಿನ ಡ್ರೈವರನ್ನಂತೂ ಮುಟ್ಟಲೇಬಾರದು. ಅದಿಲ್ಲದೆ ಡಿಸ್ಕನ್ನು ಓದಲು ವಿಂಡೋಸಿಗೇ ಆಗುವುದಿಲ್ಲ, ಬೀಗದ ಕೈಯನ್ನೇ ಎಸೆದ ಹಾಗಾಗುತ್ತದೆ.

ಪ್ರಶ್ನೆ: ರಿಕವರಿ ಸ್ಕ್ರೀನಿಗೆ ಹೋದರೆ 48 ಅಂಕಿಯ ಕೀ ಕೇಳುತ್ತಿದೆ. ನಾನು ಯಾವ ಲಾಕನ್ನೂ ಹಾಕಿಲ್ಲ.

ಉತ್ತರ: ನೀವು ಹಾಕಿಲ್ಲ, ವಿಂಡೋಸೇ ಹಾಕಿದೆ. ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟು ಹೊಸ ಲ್ಯಾಪ್‌ಟಾಪ್ ಶುರು ಮಾಡಿದರೆ ಡಿಸ್ಕ್ ಎನ್‌ಕ್ರಿಪ್ಷನ್ ಎಷ್ಟೋ ಸಲ ತಾನಾಗಿ ಆನ್ ಆಗುತ್ತದೆ. ಕೀ ಅದೇ ಅಕೌಂಟಿಗೆ ಹೋಗಿ ಕೂತಿರುತ್ತದೆ. ಫೋನಿನ ಬ್ರೌಸರ್‌ನಲ್ಲಿ ಆ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್‌ನ ಹೆಸರು) ರಿಕವರಿ ಕೀ ಎಂಬುದನ್ನು ನೋಡಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ ಸ್ಕ್ರೀನಿನ ಮೇಲಿನ ಕೀ ಐಡಿಯ ಮೊದಲ 8 ಅಕ್ಷರ ಯಾವುದಕ್ಕೆ ತಾಳೆಯಾಗುತ್ತದೋ ಅದು ನಿಮ್ಮದು. ಕಚೇರಿಯ ಲ್ಯಾಪ್‌ಟಾಪ್ ಆದರೆ ಕೀ ಕಚೇರಿಯ ಐಟಿ ವಿಭಾಗದವರ ಬಳಿ ಇರುತ್ತದೆ. ಕೀ ಎಲ್ಲೂ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ಯಾರ ಕೈಗೂ ಸಿಗುವುದಿಲ್ಲ, ಮೈಕ್ರೋಸಾಫ್ಟ್‌ಗೂ ಸಿಗದು. "ತೆಗೆದುಕೊಡುತ್ತೇವೆ" ಎನ್ನುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡಿನ ಹೊಸ ಡ್ರೈವರ್ ಹಾಕಿದ ಮೇಲೆ ಕಪ್ಪು ಸ್ಕ್ರೀನ್, ಮೌಸ್ ಬಾಣ ಮಾತ್ರ ಕಾಣುತ್ತದೆ.

ಉತ್ತರ: ಬಾಣ ಓಡಾಡುತ್ತಿದೆ ಎಂದರೆ ವಿಂಡೋಸ್ ಎದ್ದಿದೆ, ಚಿತ್ರ ಮಾತ್ರ ಬರುತ್ತಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಕೇಳಿ ಸ್ಕ್ರೀನ್ ಮಿನುಗಿದರೆ ಡ್ರೈವರ್ ಮತ್ತೆ ಶುರುವಾಗಿದೆ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ. ಲಾಗಿನ್‌ನಂಥ ಸ್ಕ್ರೀನ್ ಬಂದರೆ ಮೂಲೆಯ ಪವರ್ ಗುರುತಿನಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬಟನ್ ಒತ್ತಿ ಎರಡು ಸಲ ಆರಿಸುವ ಗೊಡವೆಯೇ ಇಲ್ಲದೆ ರಿಕವರಿ ಸ್ಕ್ರೀನಿಗೆ ಹೋಗುತ್ತೀರಿ. ಅಲ್ಲಿ 9ರ ಪಟ್ಟಿಯ 3, ಕಡಿಮೆ ರೆಸಲ್ಯೂಷನ್. ಎದ್ದ ಮೇಲೆ ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ಕಾರ್ಡಿನ ಹೆಸರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡ್ರೈವರ್, ರೋಲ್ ಬ್ಯಾಕ್ ಡ್ರೈವರ್. ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತಿ, ಡ್ರೈವರನ್ನೂ ತೆಗೆಯುವ ಚೌಕಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ.

ಡೆಸ್ಕ್‌ಟಾಪ್ ಆಗಿದ್ದರೆ ಇದಕ್ಕೆಲ್ಲ ಮೊದಲು ಹಿಂದೆ ಬಗ್ಗಿ ನೋಡಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿದ್ದು, ಹೊಸ ಡ್ರೈವರ್ ಬಂದ ಮೇಲೆ ಚಿತ್ರ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿನಿಂದ ಬರುತ್ತಿರಬಹುದು.

ಪ್ರಶ್ನೆ: ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿ ರೀಸ್ಟಾರ್ಟ್ ಮಾಡಿದೆ. ಫ್ಯಾನ್ ತಿರುಗುತ್ತದೆ, ಲೋಗೋ ಕೂಡ ಬರುವುದಿಲ್ಲ. ಆ ಸಾಫ್ಟ್‌ವೇರಿನಲ್ಲಿ ವೈರಸ್ ಇತ್ತೇ?

ಉತ್ತರ: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿದೆ. ಲೋಗೋ ಬರುವ ಹೊತ್ತಿಗೆ ವಿಂಡೋಸ್ ಇನ್ನೂ ಕಣ್ಣೇ ಬಿಟ್ಟಿರುವುದಿಲ್ಲ. ಡಿಸ್ಕಿನಲ್ಲಿರುವ ಫೋಟೊ ಸಾಫ್ಟ್‌ವೇರ್ ಅಲ್ಲಿಗೆ ಅಡ್ಡ ಬರಲಾರದು.

ಹಾಗಾದರೆ ಸರಿಯಾಗಿ ಆಗಲೇ ಏಕೆ ಕೆಟ್ಟಿತು? ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್‌ಡೌನ್ ಎಂದದ್ದು ಪೂರ್ತಿ ಶಟ್‌ಡೌನ್ ಅಲ್ಲ. ಕರ್ನೆಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಮುಚ್ಚಳ ಮುಚ್ಚಿ ತೆರೆಯುವವರಂತೂ ತಿಂಗಳುಗಟ್ಟಲೆ ಆರಿಸುವುದೇ ಇಲ್ಲ. ಮೊದಲಿನಿಂದ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ, ಅದನ್ನು ಕೇಳುವುದು ಹೊಸ ಸಾಫ್ಟ್‌ವೇರ್. ಒಳಗೊಳಗೇ ಸಡಿಲವಾಗಿದ್ದ ರ‍್ಯಾಮ್, ಸವೆದಿದ್ದ ಡಿಸ್ಕ್ ಅಂದೇ ಬಯಲಾಗಬಹುದು. ಅಪವಾದ ಸಾಫ್ಟ್‌ವೇರಿಗೆ.

ಡೆಸ್ಕ್‌ಟಾಪ್ ಆದರೆ ವೈರ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹೋಗಲು ಬಿಡಿ. ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ರ‍್ಯಾಮ್ ಪಟ್ಟಿ ತೆಗೆದು, ಒಣ ಮೆತ್ತನೆ ಬಟ್ಟೆಯಿಂದ ಹಿತ್ತಾಳೆ ಬಣ್ಣದ ಅಂಚನ್ನು ಒರೆಸಿ, ಕ್ಲಿಪ್ ಟಕ್ ಎನ್ನುವ ತನಕ ಒತ್ತಿ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಬೀಪ್ ಬರುತ್ತಿದ್ದರೆ ಎಷ್ಟು ಉದ್ದ, ಎಷ್ಟು ಗಿಡ್ಡ ಎಂದು ಎಣಿಸಿ ಮದರ್‌ಬೋರ್ಡಿನ ಕೈಪಿಡಿಯ ಪಟ್ಟಿಗೆ ತಾಳೆ ಹಾಕಿ.

ಲೋಗೋ ಬಂದು ಗಡಿಯಾರ ಮಾತ್ರ ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್. ಅದು ಸತ್ತಾಗ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಸೆಟಿಂಗ್ ಎಲ್ಲ ಮೂಲಕ್ಕೆ ಮರಳಬಹುದು. ಆ ಸೆಟಿಂಗ್‌ನಲ್ಲಿ ಡಿಸ್ಕ್ ಕಂಟ್ರೋಲರ್ (ಡಿಸ್ಕನ್ನು ನಡೆಸುವ ಭಾಗ) ಕೆಲಸ ಮಾಡುವ ಬಗೆ ಎಎಚ್‌ಸಿಐಯಿಂದ ರೈಡ್‌ಗೆ ಅಥವಾ ರೈಡ್‌ನಿಂದ ಎಎಚ್‌ಸಿಐಗೆ ಬದಲಾದರೆ ವಿಂಡೋಸ್ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದು ಬೀಳುತ್ತದೆ. ಬ್ಯಾಟರಿ ಬದಲಿಸಿ ಸೆಟಿಂಗನ್ನು ಮೊದಲಿನಂತೆ ಮಾಡಿದರೆ ಆಯಿತು. ಇದಕ್ಕೂ ವಿಂಡೋಸ್ ಮತ್ತೆ ಹಾಕಿಸಿಕೊಂಡವರಿದ್ದಾರೆ.

ಪ್ರಶ್ನೆ: ವಿಂಡೋಸ್ ಪಕ್ಕದಲ್ಲಿ ಉಬುಂಟು ಹಾಕಿದೆ. ಈಗ ನೇರ ಉಬುಂಟು ತೆರೆಯುತ್ತದೆ, ವಿಂಡೋಸ್ ಕಾಣೆ.

ಉತ್ತರ: ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತಿ. ಕಂಪನಿಯ ಪ್ರಕಾರ ಅದು ಎಫ್12, ಎಫ್9, ಎಫ್11 ಅಥವಾ ಎಸ್ಕೇಪ್. ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಇದೆಯೇ? ಇದ್ದು, ಅದರಿಂದ ವಿಂಡೋಸ್ ಎದ್ದರೆ ನಿಶ್ಚಿಂತೆ. ಯಾವುದನ್ನು ತೆರೆಯಬೇಕೆಂದು ಕೇಳುವ ಉಬುಂಟುವಿನ ಗ್ರಬ್ ಮೆನುವಿನಲ್ಲಿ ಅದರ ಹೆಸರು ಸೇರಿಲ್ಲ, ಅಷ್ಟೇ. ಗ್ರಬ್ 2.06ರಿಂದ ಈಚೆಗೆ ಬೇರೆ ಆಪರೇಟಿಂಗ್ ಸಿಸ್ಟಮ್ ಹುಡುಕುವ ಓಎಸ್-ಪ್ರೋಬರ್ ಮೂಲದಲ್ಲೇ ಬಂದ್. ಇಟಿಸಿ ಫೋಲ್ಡರಿನ ಡಿಫಾಲ್ಟ್ ಎಂಬುದರೊಳಗಿನ ಗ್ರಬ್ ಫೈಲ್ ತೆರೆದು, ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲಿಗೆ ಫಾಲ್ಸ್ ಎಂದು ಕೊಡಿ. ಸಾಲಿನ ಮೊದಲು ಹ್ಯಾಷ್ ಗುರುತಿದ್ದರೆ ತೆಗೆಯಿರಿ. ಸಾಲೇ ಇಲ್ಲದಿದ್ದರೆ ಸೇರಿಸಿ, ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲ ದೊಡ್ಡಕ್ಷರ. ಆಮೇಲೆ ಟರ್ಮಿನಲ್‌ನಲ್ಲಿ ಸುಡೊ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಜೊತೆ ಅಪ್‌ಡೇಟ್-ಗ್ರಬ್ ಓಡಿಸಿ.

ಬೂಟ್ ಮೆನುವಿನಲ್ಲೂ ಇಲ್ಲದಿದ್ದರೆ ಉಬುಂಟುವಿನ ಡಿಸ್ಕ್ಸ್ ತೆರೆದು ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಮಾದರಿ) ಪಾರ್ಟಿಷನ್ ಉಳಿದಿದೆಯೇ ನೋಡಿ. ಬಿಟ್‌ಲಾಕರ್ ಇದ್ದ ಡಿಸ್ಕ್ ಆದರೆ ಅದೇ ಹೆಸರಿನಿಂದ ತೋರೀತು. ಎರಡೂ ಇಲ್ಲವೆಂದರೆ ಹಾಕುವಾಗ "ಇರೇಸ್ ಡಿಸ್ಕ್" ಆರಿಸಿಬಿಟ್ಟಿದ್ದೀರಿ. ಆ ಡಿಸ್ಕಿನ ಮೇಲೆ ಇನ್ನೊಂದು ಅಕ್ಷರವನ್ನೂ ಬರೆಯಬೇಡಿ, ಯಂತ್ರ ಆರಿಸಿ, ಡೇಟಾ ರಿಕವರಿ ಬಲ್ಲವರಿಗೆ ಒಪ್ಪಿಸಿ.

ಪ್ರಶ್ನೆ: ಸೇಫ್ ಮೋಡ್‌ಗೆ ಹೋದದ್ದೇ ತಪ್ಪಾಯಿತು. ಎಷ್ಟು ರೀಸ್ಟಾರ್ಟ್ ಮಾಡಿದರೂ ಸೇಫ್ ಮೋಡ್‌ನಲ್ಲೇ ಏಳುತ್ತದೆ.

ಉತ್ತರ: ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸೆಟಿಂಗ್ ಕಿಟಕಿಯ ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ ಹೋಗಿದ್ದೀರಿ. ಟಿಕ್ ತೆಗೆದು ಓಕೆ ಒತ್ತಿ.

ಪ್ರಶ್ನೆ: ಯಾವುದೂ ನಡೆಯಲಿಲ್ಲ. ಇನ್ನು ವಿಂಡೋಸ್ ಹೊಸದಾಗಿ ಹಾಕುವುದೇ ಗತಿ ಎಂದಾದರೆ, ಒಳಗಿರುವ ಫೈಲ್‌ಗಳನ್ನು ಮೊದಲು ಹೊರಗೆ ತೆಗೆಯುವುದು ಹೇಗೆ?

ಉತ್ತರ: ಮೇಲೆ ಹೇಳಿದ ನೋಟ್‌ಪ್ಯಾಡ್ ಉಪಾಯವೇ. ಕಮಾಂಡ್ ಪ್ರಾಂಪ್ಟ್ ತೆರೆಯುವ ಮೊದಲು ಖಾಲಿ ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್ ಸಿಕ್ಕಿಸಿ. ಓಪನ್ ಕಿಟಕಿಯಲ್ಲಿ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ತೆರೆದು, ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಆಮೇಲೆ ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟಾಯಿತೆಂಬ ಪಟ್ಟಿ ಕಾಣಿಸದು. ಕಿಟಕಿ ಹೆಪ್ಪುಗಟ್ಟಿದಂತೆ ನಿಂತರೂ ಕಾಪಿ ನಡೆಯುತ್ತಿರುತ್ತದೆ. ಹಾಗಾಗಿ ಒಂದೇ ಏಟಿಗೆ ಎಲ್ಲವನ್ನೂ ಎತ್ತದೆ ಫೋಲ್ಡರ್ ಫೋಲ್ಡರ್ ಆಗಿ ಮಾಡಿ, ಪ್ರತಿಯೊಂದನ್ನೂ ಪೆನ್‌ಡ್ರೈವ್‌ನಲ್ಲಿ ತೆರೆದು ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮರೆಯಬೇಡಿ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಚೆಕ್‌ಡಿಸ್ಕ್‌ನಂಥ ರಿಪೇರಿ ಓಡಿಸಲು ಹೋಗಬೇಡಿ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓಡಿಸಿದರೆ ಇರುವುದೂ ಹೋಗುತ್ತದೆ.

ಆಮೇಲೆ ಟ್ರಬಲ್‌ಶೂಟ್‌ನಲ್ಲಿ ರಿಸೆಟ್ ದಿಸ್ ಪಿಸಿ, ಅದರಲ್ಲಿ "ಕೀಪ್ ಮೈ ಫೈಲ್ಸ್". ಹೆಸರು ನೋಡಿ ನಂಬಿ ಕಾಪಿ ಮಾಡುವುದನ್ನು ಬಿಡಬೇಡಿ. ಫೈಲ್ ಉಳಿದರೂ ನೀವು ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಹೋಗುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಇಟ್ಟಿರುತ್ತವೆ, ಅದೂ ಅದರ ಹಿಂದೆಯೇ ಹೋಗುತ್ತದೆ. ಲೆಕ್ಕಪತ್ರದ ಸಾಫ್ಟ್‌ವೇರ್ ಬಳಸುವವರು ಅದರ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಮೊದಲೇ ಹುಡುಕಿಕೊಳ್ಳಿ.

ರಿಸೆಟ್ ಮುಗಿದ ಮೇಲೆ, ತೆಗೆದುಹಾಕಿದ ಸಾಫ್ಟ್‌ವೇರ್‌ಗಳ ಹೆಸರಿರುವ ಒಂದು ಫೈಲನ್ನು ವಿಂಡೋಸ್ ಡೆಸ್ಕ್‌ಟಾಪ್ ಮೇಲೆ ಇಟ್ಟಿರುತ್ತದೆ. ಅದನ್ನು ನೋಡಿಕೊಂಡು ಒಂದೊಂದೇ ಹಾಕಿ. ಡ್ರೈವರ್ ಕೂರಿಸುವ ಜಾತಿಯದಾದರೆ ಹಾಕಿದ ಮೇಲೆ ಒಮ್ಮೆ ರೀಸ್ಟಾರ್ಟ್, ಆಮೇಲೆ ಮುಂದಿನದು. ಸಿಸ್ಟಮ್ ಪ್ರೊಟೆಕ್ಷನ್ ಎಂದು ಹುಡುಕಿ ಸಿ ಡ್ರೈವ್‌ಗೆ ಆನ್ ಮಾಡಿ, ಡಿಸ್ಕಿನ ಶೇಕಡಾ 5ರಷ್ಟು ಜಾಗ ಕೊಡಿ. ಮುಂದಿನ ಸಲ ಆಂಟಿವೈರಸ್ ಹಾಕುವ ಮೊದಲು ಅಲ್ಲೇ "ಕ್ರಿಯೇಟ್" ಒತ್ತಿದರೆ ರಿಸ್ಟೋರ್ ಪಾಯಿಂಟ್ ತಯಾರು.